ಮೂರು ತಿಂಗಳ ಪತ್ರ

'ಪ್ರಿಯ ಸ್ನೇಹಿತರೇ' ಅಂತ ಬರೆದು
ಕರೆಂಟು ಹೋಗುವ ತನಕ ಸುಮ್ಮನೆ ಕೂತೆ.
ಮುಂದಿನ ಸಾಲು ಹತ್ತೊಂಬತ್ತು ವರ್ಷದಿಂದ ಅದೇ:
'ದೇವರ ಕೃಪೆಯಿಂದ ಇಲ್ಲಿ ಎಲ್ಲರೂ ಕ್ಷೇಮ.'
ಇದ್ವಾಲ್ ಹೇಳುತ್ತಿದ್ದ, ನಾನು ಬೆರಳಚ್ಚು ಹೊಡೆಯುತ್ತಿದ್ದೆ.
ಫೆಬ್ರವರಿಯಲ್ಲಿ ಅವನನ್ನು
ಮಿಷನ್ನಿನ ಹಿಂದೆ, ಗೆದ್ದಲ ಹುತ್ತದ ಪಕ್ಕ ಇಟ್ಟೆವು.
ಸಾಲು ನನ್ನ ಹತ್ತಿರವೇ ಉಳಿಯಿತು,
ಯಾರದೋ ಮನೆಯ ಬೀಗದ ಕೈ ಹಾಗೆ.

ಮಾನ್ಸಾದ ಈ ತಗಡಿನ ಶೆಡ್ಡಿನಲ್ಲಿ
ಮೂರು ಗಾಲಿಯ ಗಾಡಿ ಮಾಡುತ್ತೇವೆ,
ಕಾಲು ಬಾರದವರು ಕೈಯಲ್ಲಿ ತುಳಿಯುವಂಥವು.
ಕೈಯಲ್ಲಿ ತುಳಿಯುವುದು ಅನ್ನುವ ಮಾತು ತಪ್ಪೇ ಇರಬೇಕು,
ಬೇರೆ ಮಾತು ಇನ್ನೂ ಸಿಕ್ಕಿಲ್ಲ.
ವಿದ್ಯುತ್ತು ಬರುವುದು ನಡುರಾತ್ರಿ ಎರಡಕ್ಕೆ.
ಆಗ ಎದ್ದು ಬರುತ್ತಾನೆ ಕಸೊಂದೆ, ಕಂಬಳಿ ಹೊದ್ದೇ;
ಕಿಟಕಿಯಲ್ಲಿ ನೀಲಿ ಕಿಡಿ ಕಂಡರೆ
ಗೊತ್ತಾಗುತ್ತದೆ, ಯಾರದೋ ಚೌಕಟ್ಟು ಕೂಡುತ್ತಿದೆ.

ಬೆಳಿಗ್ಗೆ ಪ್ರಾರ್ಥನೆ. 'ಮಾಯೋ, ನೀವು ಮಾಡಿ.'
ಗಂಟಲು ಕೆಟ್ಟಿದೆ ಅನ್ನುತ್ತೇನೆ.
ನಾಲ್ಕು ತಿಂಗಳಾಯಿತು ಗಂಟಲು ಕೆಟ್ಟು.
ಯಾರೂ ಒಂದು ಮಾತು ಕೇಳಿಲ್ಲ,
ಬನಾ ಕಬ್ವೆ ಮಾತ್ರ ಒಮ್ಮೆ ಶುಂಠಿ ತಂದಿಟ್ಟಳು.
ಕಸೊಂದೆ ಕಣ್ಣು ಮುಚ್ಚಿ ಶುರುಮಾಡುತ್ತಾನೆ, ಬೆಂಬಾದಲ್ಲಿ;
ಅರ್ಧ ತಿಳಿಯುತ್ತದೆ, ಅರ್ಧ ಸಾಕು.
ದೇವರಿಗೆ ಇವರು ಲೇಸಾ ಅನ್ನುತ್ತಾರೆ.
ಲೇಸೇ ಇರಬಹುದು. ನನಗೆ ಕಾಣುತ್ತಿಲ್ಲ.
ನನಗೆ ಕಾಣುವುದು ವೆಲ್ಡಿಂಗ್ ಕಡ್ಡಿಯ ದರ,
ಸಾಲ ಹೇಳಿ ತಂದ ಡೀಸೆಲ್ಲು,
ಪ್ರಾರ್ಥನೆಯ ನಡುವೆಯೇ ಟೈರಿನೊಳಗೆ ಮೊಟ್ಟೆ ಇಡುವ ಕೋಳಿ.

ಅವನು ಸತ್ತಾಗ ಪ್ರಧಾನ ಕಚೇರಿಯಿಂದ ವಚನ ಬಂತು,
ಅಧ್ಯಾಯ, ಸಂಖ್ಯೆ ಸಮೇತ.
ಇಲ್ಲಿನ ಹೆಂಗಸರು ವಚನ ಹೇಳಲಿಲ್ಲ.
ಚಾಪೆ ತಂದು ಮುಂದಿನ ಕೋಣೆ ತುಂಬ ಮಲಗಿದರು, ಐದು ರಾತ್ರಿ.
ಮೂರನೆಯ ರಾತ್ರಿ ನೀರಿಗೆ ಎದ್ದವಳು
ಕತ್ತಲಲ್ಲಿ ಯಾರದೋ ಬೆನ್ನು ಎಡವಿದೆ.
'ಇಲ್ಲೇ ಇದ್ದೀನಿ' ಅಂತು ಬೆನ್ನು, ಮತ್ತೆ ಗೊರಕೆ ಹೊಡೆಯಿತು.
ಇದನ್ನು ಪತ್ರದಲ್ಲಿ ಹೇಗೆ ಹಾಕಲಿ?

ಊರಿಂದ ಕೈನ್ವೆನ್ ಬರೆದಿದ್ದಾಳೆ,
ಕೇಕು ಮಾರಿ ಬಂದದ್ದು ಮೂವತ್ತೊಂದು ಪೌಂಡು,
ಚಾಪೆಲ್ಲಿನಲ್ಲಿ ಉಳಿದವರು ಒಂಬತ್ತು ಜನ,
ಸೂರು ಸೋರುತ್ತಿದೆ, ಕಟ್ಟಡ ಮಾರಾಟಕ್ಕಿದೆ,
ಕೊಳ್ಳುವವನು ರತ್ನಗಂಬಳಿ ಅಂಗಡಿ ಇಡುತ್ತಾನಂತೆ.
ಕೊನೆಗೆ: 'ಶಾಲೆಗೆ ಹೋಗುವ ಮಗುವಿನ ಫೋಟೋ ಇದ್ದರೆ ಕಳಿಸು.'

ಮ್ವಾಪೆಯ ಫೋಟೋ ಇದೆ. ಹದಿಮೂರು ವರ್ಷ.
ಗಾಡಿ ಕೈಗೆ ಬಂದ ಮರುದಿನವೇ
ಕಾಲಿಡುವ ಹಲಗೆಯ ಮೇಲೆ ಬೋಗುಣಿ ಏರಿಸಿ
ಬಸ್ ನಿಲ್ದಾಣಕ್ಕೆ ಹೋದಳು, ಕರಿದ ಉಂಡೆ ಮಾರಲು.
'ಶಾಲೆ?' ಅಂದೆ.
'ಶಾಲೆಗೆ ಮೆಟ್ಟಿಲಿದೆ ಮಾಯೋ, ಬಸ್ಸಿಗೆ ಹಸಿವಿದೆ.'
ಶಾಲೆಗೆ ಹೋಗುತ್ತಾಳೆ ಅಂತ ಬರೆದರೆ ಸುಳ್ಳು,
ಬರೆಯದಿದ್ದರೆ ಟೈರಿಲ್ಲ.
ಎರಡು ಉಂಡೆ ಕೊಂಡೆ. ಚಿಲ್ಲರೆ ಸರಿಯಾಗಿ ಎಣಿಸಿ ಕೊಟ್ಟಳು.

ಇದ್ವಾಲನ ಬೂಟು ಕಾವಲಿನ ಚೋಂಬನಿಗೆ ಕೊಟ್ಟಿದ್ದೇ ತಪ್ಪಾಯಿತು.
ಹಗಲು ಏನೂ ಅಲ್ಲ.
ರಾತ್ರಿ ಮನೆಯ ಸುತ್ತ ಅದೇ ತೂಕ, ಅದೇ ಎಡಗಾಲ ಸದ್ದು,
ನಲ್ಲಿಯ ಹತ್ತಿರ ಒಂದು ಕ್ಷಣ ನಿಲ್ಲುವುದೂ ಅದೇ.
ವಾಪಸು ಕೇಳಲಾರೆ.
ದೊಡ್ಡದಾಯಿತೇ ಅಂತಷ್ಟೇ ಕೇಳಿದೆ. ಬಿಚ್ಚಿ ತೋರಿಸಿದ:
ತುದಿಗೆ ಕಾಗದ ತುರುಕಿದ್ದಾನೆ,
ಮಿಕ್ಕ ಹಳೆಯ ಪತ್ರಗಳು, ಶೆಡ್ಡಿನ ಮೂಲೆಯವು.
ಕ್ಷೇಮ ಅನ್ನುವ ಮಾತಿನ ಮೇಲೆ ಅವನ ಹೆಬ್ಬೆರಳ ಗುರುತು.

ಪ್ರಿಯ ಸ್ನೇಹಿತರೇ,
ಈ ಸಲ ಒಂಬತ್ತು ಗಾಡಿ. ಒಂದರಲ್ಲಿ ಅಂಗಡಿ ಇದೆ.
ಉಂಡೆ ಚೆನ್ನಾಗಿದೆ, ಉಪ್ಪು ಒಂದು ಚೂರು ಜಾಸ್ತಿ.
ಇಪ್ಪತ್ತಾರು ಇಂಚಿನ ಟೈರು ಬೇಕು.
ಕೃಪೆಯ ಸಾಲಿಗೆ ಜಾಗ ಬಿಟ್ಟಿದ್ದೇನೆ,

ಹೊರಗೆ ಜೂನಿನ ಚಳಿ. ಬೂಟು
ಇವತ್ತು ಒಂದು ಸುತ್ತು ಹೆಚ್ಚು ಹಾಕುತ್ತಿದೆ.